ಆರು ಮನೆಯ ತಟ್ಟೆ

...ಅಥವಾ ಆ ಸದ್ದನ್ನು ನಾನು ಕೇಳಿಯೇ ಇಲ್ಲವೇನೋ. ಆಮೇಲೆ ಅಷ್ಟು ಜನ ಅಷ್ಟು ಸಲ ಬಾಯಲ್ಲಿ "ಟುಸ್" ಅಂತ ಮಾಡಿ ತೋರಿಸಿದರಲ್ಲ, ಅವರ ಬಾಯಿಯ ಸದ್ದೇ ನನ್ನ ಕಿವಿಯಲ್ಲಿ ಉಳಿದು ಈಗ ಕೋವಿಯ ಸದ್ದಿನ ಹಾಗೆ ಕೇಳುತ್ತಿರಬಹುದು. ನಾನಿದ್ದದ್ದು ಕೋವಿಯ ತೋಟಾ ತುಂಬುವ ಕೋಣೆಯಲ್ಲಿ. ಸೈಜುಗಲ್ಲಿನ ಗೋಡೆ, ಕಬ್ಬಿಣದ ಬಾಗಿಲು. ಬಾಗಿಲು ಮುಚ್ಚಿತ್ತು ಎಂದು ಸ್ಟೋರಿನ ಅಣ್ಣ ಇವತ್ತಿಗೂ ಹೇಳುತ್ತಾನೆ. ತೆರೆದಿತ್ತು ಎನ್ನುತ್ತೇನೆ ನಾನು. ಮುಚ್ಚಿದ್ದರೆ ಹೇಗೆ ಕೇಳಿತು? ಕೇಳದಿದ್ದರೆ ಯಾಕೆ ಓಡಿದೆ? ಓಡಿದ್ದಂತೂ ನಿಜ. ಒಂದು ಚಪ್ಪಲಿ ಹೊಸಿಲಲ್ಲೇ ಉಳಿದು ಅಂಗಳದ ಜಲ್ಲಿ ಅಂಗಾಲಿಗೆ ಚುಚ್ಚಿತು. ಎಡಗಾಲೋ ಬಲಗಾಲೋ ಎಂದು ಕೇಳಬೇಡಿ.

ಇದನ್ನು ಎರಡು ಸಲ ಬರೆದು ಹರಿದಿದ್ದೇನೆ. ಒಂದರಲ್ಲಿ ನಾನು ತುಂಬ ಧೈರ್ಯವಂತೆ, ಇನ್ನೊಂದರಲ್ಲಿ ತುಂಬ ನೊಂದವಳು. ಎರಡೂ ಓದಲು ಚೆನ್ನಾಗಿದ್ದವು, ಅದಕ್ಕೇ ಹರಿದೆ. ಈ ಸಲ ಯಂತ್ರದಿಂದ ಶುರು ಮಾಡುತ್ತೇನೆ. ಯಂತ್ರಕ್ಕೆ ನನ್ನ ಬಗ್ಗೆ ಅಭಿಪ್ರಾಯವಿಲ್ಲ.

ಮೈಸೂರಿನಿಂದ ಹುಣಸೂರಿಗೆ ಬರುವಾಗ, ಬಿಳಿಕೆರೆ ಇನ್ನೂ ಸ್ವಲ್ಪ ದೂರ ಇದೆ ಎನ್ನುವಾಗ, ಹೆದ್ದಾರಿಯಿಂದ ಒಳಗೆ ಒಂದು ಹಳೇ ಕಲ್ಲುಕೋರೆ ಇದೆ. ಕಲ್ಲು ತೆಗೆದು ಮುಗಿದ ಮೇಲೆ ಆ ಜಾಗವನ್ನು ಕೊಂಡವರು ಸೈನ್ಯದಿಂದ ನಿವೃತ್ತರಾಗಿ ಬಂದ ಒಬ್ಬ ಸುಬೇದಾರರು. ಕೋರೆಯ ಗೋಡೆಯೇ ಕೋವಿಯಿಂದ ಹಾರುವ ಸೀಸದ ಚರೆ ತಡೆಯುತ್ತದೆ ಎಂದು ಅಲ್ಲಿ ಕೋವಿ ಅಭ್ಯಾಸದ ಮೈದಾನ ಮಾಡಿದರು. ಅಂಗೈಯಗಲದ ಬಿಲ್ಲೆಗಳನ್ನು ಒಂದು ಯಂತ್ರ ಆಕಾಶಕ್ಕೆ ಎಸೆಯುತ್ತದೆ, ನಿಂತವರು ಹೊಡೆಯುತ್ತಾರೆ. ಬರುವವರಲ್ಲಿ ಕೊಡಗಿನ ಕಡೆಯವರೇ ಹೆಚ್ಚು, ಮೈಸೂರಿನ ಕೆಲವರು, ಜೊತೆಗೆ ಪಿರಿಯಾಪಟ್ಟಣದ ಒಬ್ಬ ಡ್ರಿಲ್ ಮೇಷ್ಟ್ರು. ತೋಟಾ ಅಲ್ಲೇ ತುಂಬಿಕೊಳ್ಳಲು ಸುಬೇದಾರರಿಗೆ ಪರವಾನಗಿ ಇತ್ತು. ಆ ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಹೊಡೆದ ಮೇಲೆ ಕೆಳಗೆ ಬೀಳುವ ಖಾಲಿ ಪ್ಲಾಸ್ಟಿಕ್ ಕೊಳವೆಗಳನ್ನು ಆಯ್ದು ತಂದು ಮತ್ತೆ ತುಂಬುವುದು, ಮತ್ತೆ ಹೊಡೆಯುವುದು. ಕೊಳವೆಯ ಬಾಯಿ ಸೀಳುವ ತನಕ ಅದು ನಾಲ್ಕೈದು ಸಲ ಹುಟ್ಟಿ ಬರುತ್ತದೆ.

ತುಂಬುವ ಪ್ರೆಸ್ಸು ಹೊರದೇಶದ್ದು, ಯಾರೋ ಬಳಸಿ ಬಿಟ್ಟದ್ದು. ಮರದ ಪೆಟ್ಟಿಗೆಯಲ್ಲಿ ಬಂದು ಆರು ತಿಂಗಳು ಹಾಗೇ ಬಿದ್ದಿತ್ತಂತೆ. ಮೂವರು ಬಂದು ಜೋಡಿಸಿ, ಮೂವರೂ ಬಿಟ್ಟು ಹೋದ ಮೇಲೆ ಸುಬೇದಾರರು ಹುಣಸೂರಿನ ನನ್ನ ಅಂಗಡಿಗೆ ಬಂದರು. ನನ್ನದು ಪಂಪು ಮೋಟರು ರಿಪೇರಿ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಬ್ಲೋವರ್ರು, ಕೆ.ಆರ್. ನಗರದ ಅಕ್ಕಿ ಗಿರಣಿಯ ಜರಡಿ, ಕೋಟೆ ಕಡೆಯವರ ಕಬ್ಬಿನ ಗಾಣ, ತಿರುಗುವುದು ಏನೇ ಇದ್ದರೂ ತರುತ್ತಾರೆ. ಬೋರ್ಡಿನಲ್ಲಿ ಗಂಡನ ಹೆಸರಿದೆ. ಅವರು ಹೋದ ಮೇಲೂ ಬೋರ್ಡು ಬದಲಿಸಲಿಲ್ಲ. ಅವರಿದ್ದಾಗಲೂ ಬಿಚ್ಚುತ್ತಿದ್ದವಳು ನಾನೇ ಆದ್ದರಿಂದ, ಬೋರ್ಡು ಮೊದಲಿನಿಂದಲೂ ಸುಳ್ಳೇ ಹೇಳುತ್ತಿತ್ತು.

ಸುಬೇದಾರರು ಫೋನಿನಲ್ಲಿ ಒಂದು ವಿಡಿಯೋ ಹಾಕಿ ನನ್ನ ಮುಂದೆ ಹಿಡಿದರು. ಅದರಲ್ಲಿ ಒಬ್ಬ ಗಡ್ಡದವನು ಅಂಥದೇ ಪ್ರೆಸ್ಸಿನ ಮುಂದೆ ನಿಂತು ಒಂದೇ ಸಮನೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ.

"ಏನಮ್ಮ, ಇವನು ಹೇಳೋದು ಅರ್ಥ ಆಗುತ್ತಾ?"

"ಸದ್ದು ತೆಗೀರಿ ಸಾರ್. ಅವನ ಮಾತು ಬೇಡ, ಕೈ ನೋಡ್ತೀನಿ."

ಮೂರು ಸಲ ನೋಡಿದೆ. ಮಾರನೇ ದಿನ ಸ್ಪ್ಯಾನರಿನ ಚೀಲ ಹಿಡಿದು ಬಸ್ಸು ಹತ್ತಿದೆ.

ಪ್ರೆಸ್ಸಿನ ನಡುವೆ ಒಂದು ದುಂಡು ತಟ್ಟೆ. ತಟ್ಟೆಯಲ್ಲಿ ಆರು ಮನೆ, ಮನೆಗೊಂದು ಕೊಳವೆ. ಬಲಗಡೆ ಉದ್ದನೆಯ ಹಿಡಿ. ಹಿಡಿ ಒಂದು ಸಲ ಎಳೆದರೆ ಆರು ಮನೆಯಲ್ಲೂ ಆರು ಬೇರೆ ಬೇರೆ ಕೆಲಸ ಒಟ್ಟಿಗೇ ನಡೆಯುತ್ತದೆ, ಬಿಟ್ಟರೆ ತಟ್ಟೆ ಒಂದು ಮನೆ ಮುಂದಕ್ಕೆ ತಿರುಗಿ ನಿಲ್ಲುತ್ತದೆ. ಇಂಗ್ಲಿಷಿನ ಹೆಸರುಗಳು ನನ್ನ ನಾಲಿಗೆಗೆ ಹೊಂದಲಿಲ್ಲ. ಎದುರಿನ ಗೋಡೆಗೆ ಸೀಮೆಸುಣ್ಣದಲ್ಲಿ ನನ್ನ ಹೆಸರು ಬರೆದುಕೊಂಡೆ. ಒಂದನೇ ಮನೆ: ಹಲ್ಲು ಕೀಳೋದು. ಮದ್ದಿಗೆ ಕಿಡಿ ಕೊಟ್ಟು ಸುಟ್ಟುಹೋದ ಹಳೇ ಕೇಪನ್ನು ಅಡಿಯಿಂದ ತಳ್ಳಿ ಹಾಕುವುದು ಅಲ್ಲಿ. ಎರಡನೆಯದು: ಹೊಸ ಹಲ್ಲು. ಮೂರನೆಯದು ಊಟ, ಅಂದರೆ ಮದ್ದು ಬೀಳುವ ಮನೆ. ನಾಲ್ಕರಲ್ಲಿ ಮದ್ದಿನ ಮೇಲೊಂದು ಪ್ಲಾಸ್ಟಿಕ್ ಬಟ್ಟಲು ಕೂತು ಅದರೊಳಗೆ ಚರೆ ಸುರಿಯುತ್ತದೆ. ಐದು ಬಾಯಿ ಮಡಿಸೋದು, ಆರು ಬಾಯಿ ಮುಚ್ಚೋದು. ಹತ್ತನೇ ಕ್ಲಾಸು ಓದದವರಿಗೂ ಇದು ಅರ್ಥವಾಗುತ್ತದೆ. ಮೈಸೂರಿನ ಕಡೆಯಿಂದ ಬಂದ ಒಬ್ಬರು ಈ ಗೋಡೆಯ ಫೋಟೋ ತೆಗೆದುಕೊಂಡು ನಕ್ಕರು. ನಗಲಿ.

ಜೋಡಿಸುವುದಕ್ಕೆ ಹದಿನೈದು ದಿನ ಹಿಡಿಯಿತು. ನನಗಿಂತ ಮೊದಲು ಬಂದ ಮೂವರೂ ಒಂದೇ ತಪ್ಪು ಮಾಡಿದ್ದರು: ಆರು ಮನೆಗೂ ಕೊಳವೆ ಇಟ್ಟು ಆರನ್ನೂ ಒಟ್ಟಿಗೆ ಸರಿ ಮಾಡಲು ಹೋಗಿದ್ದರು. ನಾನು ಒಂದೇ ಒಂದು ಕೊಳವೆ ಇಟ್ಟೆ. ಅದನ್ನು ಮದುವೆ ಹೆಣ್ಣನ್ನು ಕರೆದುಕೊಂಡು ಹೋದ ಹಾಗೆ ಮನೆಮನೆಗೂ ನಿಧಾನವಾಗಿ ನಡೆಸಿದೆ. ಒಂದು ಮನೆ ಪೂರ್ತಿ ಸರಿಯಾಗುವ ತನಕ ಮುಂದಿನದಕ್ಕೆ ಬಿಡಲಿಲ್ಲ. ಬೆಂಚು ಅಲುಗುತ್ತಿತ್ತು. ಹಿಡಿ ಎಳೆದಾಗ ಬೆಂಚು ನೂಲಿನಷ್ಟು ಅಲುಗಿದರೂ ಮೇಲಿನ ಬುಡ್ಡಿಯಲ್ಲಿ ಮದ್ದು ಕುಲುಕಿ ಅಳತೆ ಬದಲಾಗುತ್ತದೆ. ಮುರಿದು ಹಾಕಿದ್ದ ಬ್ಯಾರನ್ನಿನ ಕಬ್ಬಿಣದ ಪಟ್ಟಿ ತರಿಸಿ ನಾಲ್ಕು ಕಾಲು ಮಾಡಿಸಿ, ನೆಲ ಅಗೆಸಿ, ಕಾಂಕ್ರೀಟಿನಲ್ಲಿ ಹೂಳಿಸಿದೆ. ಸುಬೇದಾರರು "ಇದೇನಮ್ಮ, ಕಂಬ ನೆಡಿಸ್ತಿದ್ದೀಯಾ?" ಎಂದರು. ಹೌದು ಎಂದೆ.

ತಟ್ಟೆ ಸರಿಯಾದ ಜಾಗದಲ್ಲಿ ನಿಲ್ಲುವುದು ಒಂದು ಉಕ್ಕಿನ ಗೋಲಿಯಿಂದ. ಸೈಕಲ್ಲಿನ ಬೇರಿಂಗಿನಷ್ಟು ಗಾತ್ರದ್ದು. ತಟ್ಟೆಯ ಅಡಿಯಲ್ಲಿ ಆರು ಕುಳಿ ಇವೆ, ಸ್ಪ್ರಿಂಗಿನ ಮೇಲೆ ಕೂತ ಗೋಲಿ ಒಂದೊಂದು ಸಲ ಒಂದೊಂದು ಕುಳಿಗೆ ಏರಿ ಕೂರುತ್ತದೆ. ಕೂತಾಗ ಟಕ್ ಎನ್ನುತ್ತದೆ. ಇಡೀ ಯಂತ್ರದಲ್ಲಿ ನಾನು ಕಿವಿಗೊಟ್ಟು ಕೇಳುತ್ತಿದ್ದದ್ದು ಅದನ್ನೇ. ತಟ್ಟೆ ಅಕ್ಕಿಕಾಳಿನಷ್ಟು ಹಿಂದೆ ನಿಂತರೂ ಊಟದ ಮನೆಯಲ್ಲಿ ಕೊಳವೆಯ ಬಾಯಿ ಮದ್ದಿನ ಬುಡ್ಡಿಯ ಮೂತಿಗೆ ನೇರವಾಗುವುದಿಲ್ಲ. ಮದ್ದು ಅಂಚಿಗೆ ಬಡಿದು ಹೊರಗೆ ಚೆಲ್ಲುತ್ತದೆ. ಹೊರಗಿನಿಂದ ನೋಡಿದರೆ ತೋಟಾ ತೋಟಾದ ಹಾಗೇ ಇರುತ್ತದೆ. ಮದ್ದು ಕಡಿಮೆ ಇದ್ದರೆ ಕೋವಿ ಟುಸ್ ಎನ್ನುತ್ತದೆ, ಬಟ್ಟಲೂ ಚರೆಯೂ ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತವೆ. ಹೊಡೆದವನಿಗೆ ಗೊತ್ತಾಗದೆ ಇನ್ನೊಂದು ತೋಟಾ ಹಾಕಿ ಬೆರಳಿನಿಂದ ಕುದುರೆ ಎಳೆದರೆ ನಳಿಗೆ ಸೀಳುತ್ತದೆ. ನಳಿಗೆಯ ಕೆಳಗೆ ಅವನ ಎಡಗೈ ಇರುತ್ತದೆ.

ಅದಕ್ಕೇ ನನ್ನ ಕಟ್ಟುಪಾಡು ಬಿಗಿ. ದಿನಾ ಕೆಲಸ ಮುಗಿದ ಮೇಲೆ ಬಣ್ಣ ಬಳಿಯುವ ಬ್ರಷ್ಷಿನಿಂದ ತಟ್ಟೆ ಗುಡಿಸಬೇಕು. ಎಣ್ಣೆಯ ಕೈ ಮದ್ದಿನ ಹತ್ತಿರ ಹೋಗಬಾರದು. ಅರ್ಧ ಎಳೆದ ಹಿಡಿಯನ್ನು ನಿಲ್ಲಿಸಿ ಮಾತಿಗೆ ನಿಲ್ಲಬಾರದು. ನಾನು ಕೂತಿರುವಾಗ ಯಾರೂ ಒಳಗೆ ಬರಬಾರದು.

ಈ ಕೊನೆಯ ಕಟ್ಟುಪಾಡನ್ನು ಒಪ್ಪದವನು ಸ್ಟೋರಿನ ಅಣ್ಣ. ಕೆ.ಆರ್. ನಗರದ ಕಡೆಯ ಗದ್ದೆಯವರ ಮನೆಯವನು, ನನಗಿಂತ ಹತ್ತು ವರ್ಷ ದೊಡ್ಡವನು. ಮದ್ದು, ಕೇಪು, ಚರೆ ಎಲ್ಲದರ ಬೀಗದಕೈ ಅವನ ಸೊಂಟದಲ್ಲಿ. ನಾನು ಬರುವುದಕ್ಕೆ ಮುಂಚೆ ಆ ಕೋಣೆಯೂ ಅವನದೇ ಆಗಿತ್ತು. ಬಾಗಿಲ ಹತ್ತಿರ ನಿಂತು ಎಲೆ ಅಡಿಕೆ ಮೆಲ್ಲುತ್ತಾ, "ಒಳೀಕೆ ಬರ್ಲಾ, ಇಲ್ಲ ಅರ್ಜಿ ಆಕ್ಬೇಕಾ?" ಎನ್ನುತ್ತಿದ್ದ.

"ಅರ್ಜಿ ಹಾಕಣ್ಣ. ನೋಡೋಣ."

ಆಯುಧಪೂಜೆಯ ದಿನ ಜಗಳ ಬೆಳಿಗ್ಗೆಯೇ ಶುರುವಾಯಿತು. ಅವನು ಬಾಳೆಕಂದು, ಬೂದುಗುಂಬಳ, ನಿಂಬೆಹಣ್ಣು, ಊದಿನಕಡ್ಡಿ, ಕರ್ಪೂರ ಎಲ್ಲ ಹೊತ್ತು ತಂದ. ಮದ್ದಿನ ಕೋಣೆಯಲ್ಲಿ ಕರ್ಪೂರ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಬೆಂಕಿ ಒಳಗೆ ಬರಲ್ಲ ಅಣ್ಣ."

"ದೇವ್ರಿಗೆ ಮಂಗಳಾರತಿ ಬ್ಯಾಡ್ವಾ?"

"ಮಾಡು. ಆ ಬೇವಿನ ಮರದ ಕೆಳಗೆ ನಿಂತು ಮಾಡು. ದೇವರಿಗೆ ಅಲ್ಲಿಂದ ಕಾಣುತ್ತೆ."

"ನಿನ್ನ ಕಣ್ಣಿಗೆ ಕಾಣಾಕಿಲ್ಲ ಅಂದ್ರೆ ದೇವ್ರಿಗೂ ಕಾಣಾಕಿಲ್ಲ ಅಂದ್ಕಬ್ಯಾಡ" ಎಂದು ಗೊಣಗಿ ಆರತಿ ತಟ್ಟೆ ಎತ್ತಿಕೊಂಡು ಮರದ ಕೆಳಗೆ ಹೋದ. ಸುಬೇದಾರರು ನಗುತ್ತಿದ್ದರು. ಮದ್ದಿನ ಬುಡ್ಡಿಯನ್ನು ಹಿಂದಿನ ದಿನವೇ ಬರಿದು ಮಾಡಿಸಿದ್ದೆ. ಆರತಿ ಹೊರಗೆ ಮುಗಿದ ಮೇಲೆ ಗಂಧ ಕುಂಕುಮ ಇಡಲು ಅವನನ್ನು ಒಳಗೆ ಬಿಟ್ಟೆ. ಇಟ್ಟವನು ಅವನು. ನಾನು ಇಡಲಿಲ್ಲ, ಇಡು ಎಂದು ಯಾರೂ ಹೇಳಲೂ ಇಲ್ಲ. ಗಂಡ ಸತ್ತವಳ ಕೈಯ ಕುಂಕುಮ ಯಂತ್ರಕ್ಕೂ ಬೇಡ. ಅವನು ಇಡುವಾಗ ನಾನು ಎಲ್ಲಿದ್ದೆ? ಬಾಗಿಲಲ್ಲಿ ನಿಂತು ನೋಡುತ್ತಿದ್ದೆ ಎನ್ನಿಸುತ್ತದೆ. ಕುಂಬಳಕಾಯಿ ಒಡೆಯುವುದನ್ನು ನೋಡಿದ ನೆನಪೂ ಅಷ್ಟೇ ಗಟ್ಟಿ, ಕುಂಬಳ ಒಡೆದದ್ದು ಗೇಟಿನಲ್ಲಿ. ಎರಡೂ ಕಡೆ ನಾನಿರಲು ಆಗುವುದಿಲ್ಲ.

ಹಬ್ಬ ಕಳೆದು ನಾನು ಕೆಲಸಕ್ಕೆ ಬಂದ ಬೆಳಿಗ್ಗೆ ಪ್ರೆಸ್ಸಿನ ಮೈಯೆಲ್ಲ ಗಂಧ ಒಣಗಿ ಪಕಳೆ ಎದ್ದಿತ್ತು. ಹಿಡಿಯ ತುದಿ, ಬುಡ್ಡಿಯ ಕತ್ತು, ಆರು ಮನೆಯ ಪಕ್ಕದ ಆರು ಕಂಬ, ಎಲ್ಲ ಕಡೆ ಕೆಂಪು. ಬಟ್ಟೆ ತೆಗೆದುಕೊಂಡು ಒರೆಸಲು ಶುರು ಮಾಡಿದೆ. ಕುಂಕುಮದ ಪುಡಿಯೂ ಗ್ರೀಸೂ ಸೇರಿದರೆ ಸಾಣೆ ಹಿಡಿದ ಹಾಗೆ ಕಬ್ಬಿಣ ತಿನ್ನುತ್ತದೆ. ಹುಣಸೂರಿನ ನನ್ನ ಅಂಗಡಿಯಲ್ಲೂ ಪ್ರತಿ ವರ್ಷ ಒರೆಸುತ್ತೇನೆ, ಯಾರೂ ಏನೂ ಅನ್ನುವುದಿಲ್ಲ.

ಅಣ್ಣ ಬಾಗಿಲಲ್ಲಿ ನಿಂತಿದ್ದ.

"ನಿಂದು ಅಳಿಸ್ಕಂಡಿದ್ದು ಸಾಲ್ದೇನವ್ವ? ಮಿಷನ್ದೂ ಅಳಿಸ್ತಾ ಇದೀಯಾ?"

ಮೆಲ್ಲಗೇ ಹೇಳಿದ. ಕೂಗಿ ಹೇಳಿದ್ದರೆ ಜಗಳ ಆಡಬಹುದಿತ್ತು.

"ನಂದು ನಾನು ಅಳಿಸ್ಕೊಂಡಿದ್ದಲ್ಲ ಅಣ್ಣ. ಹತ್ತು ಜನ ಸೇರಿ ಹಿಡ್ಕೊಂಡು ಅಳಿಸಿದ್ರು. ಇದನ್ನ ನಾನೇ ಅಳಿಸ್ತೀನಿ."

ಹೀಗೆ ಅಂದೆ ಎಂದು ಬಹಳ ಜನಕ್ಕೆ ಹೇಳಿದ್ದೇನೆ. ಅಂದಿರಬಹುದು. ಸಂಜೆ ಬಸ್ಸಿನಲ್ಲಿ ಹೊಳೆದದ್ದೂ ಇರಬಹುದು, ನನ್ನ ಒಳ್ಳೆಯ ಉತ್ತರಗಳು ಹುಟ್ಟುವುದು ಬಿಳಿಕೆರೆ ದಾಟಿದ ಮೇಲೆಯೇ. ಅವನು ಅಂದದ್ದು ಮಾತ್ರ ಅಂದದ್ದೇ. ಅದರ ಒಂದು ಅಕ್ಷರವೂ ಜಾಗ ಬಿಟ್ಟು ಕದಲಿಲ್ಲ.

ಅವತ್ತು ಮತ್ತು ಮಾರನೇ ದಿನ ಕೂತು ತುಂಬಿದೆ. ಭಾನುವಾರ ಪಂದ್ಯ ಇತ್ತು, ಮೈಸೂರಿನಿಂದಲೂ ಕೊಡಗಿನಿಂದಲೂ ಜನ ಬರುವವರಿದ್ದರು. ನಾನೂರರ ಹತ್ತಿರ ತೋಟಾ ಆಯಿತು. ತುಂಬುವಾಗ ತಟ್ಟೆಯ ಮೇಲೆ ಮದ್ದಿನ ಕಾಳು ಕಂಡವಾ? ಕಂಡವು. ಯಾವಾಗಲೂ ನಾಲ್ಕು ಕಾಳು ಇರುತ್ತವೆ. ಅವತ್ತು ನಾಲ್ಕಿದ್ದವೋ ನಲವತ್ತೋ, ನಾನು ಗುಡಿಸಿ ಹಾಕಿದೆ.

ಶನಿವಾರ ಬೆಳಿಗ್ಗೆ ಡ್ರಿಲ್ ಮೇಷ್ಟ್ರು ಅಭ್ಯಾಸಕ್ಕೆ ಬಂದರು. ಅವರದು ಅಪ್ಪನ ಕಾಲದ ಜೋಡುನಳಿಗೆ. ಹೊಸ ತೋಟಾಗಳಲ್ಲಿ ಒಂದು ಡಬ್ಬಿ ಅವರಿಗೆ ಕೊಟ್ಟಿದ್ದೆ. ಇಪ್ಪತ್ತು ಚಿಲ್ಲರೆ ಹೊಡೆದ ಮೇಲೆ ಆ ಸದ್ದು. ಕೇಳಿದೆನೋ ಇಲ್ಲವೋ, ಓಡಿದೆ. ಮೇಷ್ಟ್ರು ಕೋವಿ ಮಡಚಿ ಎರಡು ಹೊಸ ತೋಟಾ ಹಾಕಿ ಇನ್ನೇನು ಮುಚ್ಚಬೇಕು.

"ಮುಚ್ಚಬೇಡಿ ಮೇಷ್ಟ್ರೇ. ತೆಗೀರಿ. ಎರಡೂ ತೆಗೀರಿ."

ಹೊಡೆಯುವವರು ನಿಂತಿರುವಾಗ ಅವರ ಹಿಂದೆ ಎಳೆದ ಗೆರೆ ದಾಟಿ ಯಾರೂ ಹೋಗಬಾರದು. ಸುಬೇದಾರರು ಹಿಂದಿನಿಂದ ಗದರಿದರು. ಮೇಷ್ಟ್ರು ನನ್ನ ಮುಖ ನೋಡಿ ಎರಡೂ ತೋಟಾ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕೋವಿಯನ್ನು ಆಕಾಶಕ್ಕೆ ಹಿಡಿದು ನೋಡಿದೆವು. ಒಂದು ನಳಿಗೆಯಲ್ಲಿ ಬೆಳಕಿನ ದುಂಡು ಬಿಲ್ಲೆ. ಇನ್ನೊಂದರಲ್ಲಿ ಕತ್ತಲೆ.

ಮೇಷ್ಟ್ರು ಬಹಳ ಹೊತ್ತು ಆ ಕತ್ತಲೆಯನ್ನೇ ನೋಡಿದರು. ಆಮೇಲೆ ತಮ್ಮ ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು.

ಮುಂದಿನದಕ್ಕೆ ನೆನಪಿನ ಸಹಾಯ ಹೆಚ್ಚು ಬೇಕಿಲ್ಲ, ಸಾಕ್ಷಿಗಳಿದ್ದಾರೆ. ಉಳಿದ ತೋಟಾಗಳನ್ನು ಯಾರೂ ಹೊಡೆಯಬಾರದು ಎಂದೆ. ಸುಬೇದಾರರು ನನ್ನನ್ನು ಕೋಣೆಗೆ ಕರೆದು ಬಾಗಿಲು ಮುಂದಕ್ಕೆ ಮಾಡಿದರು. ಅಣ್ಣನೂ ಬಂದು ನಿಂತ.

"ನೋಡಮ್ಮ, ಕೊಳವೆ ಹಳೇದಿತ್ತು ಅಂತ ಹೇಳಿಬಿಡೋಣ. ಒಂದು ಕೆಟ್ಟಿತು ಅಂತ ಎಲ್ಲಾ ಕೆಟ್ಟಿರುತ್ತಾ? ನಾಳೆ ಜನ ಬರ್ತಾರೆ. ಅಡುಗೆಯವರಿಗೂ ಹೇಳಿ ಆಗಿದೆ."

"ಕೊಳವೆ ಹಳೇದಲ್ಲ ಸಾರ್. ಎರಡನೇ ಸಲ ತುಂಬಿದ್ದು."

"ಕೊಳವೆ ಅಲ್ಲ, ಮಿಷನ್ ಅಲ್ಲ. ಹಾಗಾದರೆ ನಿನ್ನ ತಪ್ಪು ಅಂತ ಆಗುತ್ತೆ."

"ಇರಬಹುದು. ಅದಕ್ಕೇ ಹೊಡೀಬಾರದು ಅಂತಿರೋದು."

"ನಿನ್ನ ತಪ್ಪು ಅಂದ್ರೆ ನಾಳೆಯಿಂದ ನೀನು ಇಲ್ಲಿರಲ್ಲ, ಗೊತ್ತಾ?"

"ಇರಲ್ಲ ಸಾರ್. ತೋಟಾನೂ ಇರಬಾರದು."

ಅವರಿಗೆ ಸಿಟ್ಟು ಬಂತು. ಕೆಟ್ಟ ಮನುಷ್ಯರಲ್ಲ, ಪಂದ್ಯಕ್ಕೆ ಒಂದು ವರ್ಷ ಓಡಾಡಿದ್ದರು. ಡಬ್ಬಿಗಳನ್ನು ತಮ್ಮ ಕಡೆಗೆ ಎಳೆದುಕೊಳ್ಳಲು ಕೈ ಹಾಕಿದರು. ನಾನು ಒಂದು ಡಬ್ಬಿ ತೆರೆದು ಕೈಗೆ ಸಿಕ್ಕಿದ ಎರಡನ್ನು ತೆಗೆದು ಅವರ ಮುಂದೆ ಇಟ್ಟೆ.

"ನೀವು ಹೊಡೀರಿ ಸಾರ್. ಈಗ. ನಿಮ್ಮ ಕೋವೀಲಿ ಹೊಡೀರಿ. ನೀವು ಹೊಡೆದದ್ದನ್ನ ನಾಳೆ ಬೇರೆಯವರಿಗೆ ಕೊಡೋಣ."

ನಾನು ಕೂಗಿ ಹೇಳಿದೆ ಎಂದು ಅಣ್ಣ ಆಮೇಲೆ ಹೇಳಿದ. ಇರಬಹುದು. ಸುಬೇದಾರರು ಆ ಎರಡು ತೋಟಾಗಳನ್ನು ನೋಡಿದರು, ನನ್ನನ್ನು ನೋಡಿದರು. ಎಷ್ಟೋ ಯುದ್ಧ ನೋಡಿದವರು, ಮುಟ್ಟಲಿಲ್ಲ. ಹೊರಗೆ ಹೋಗಿ ಯಾರಿಗೋ ಫೋನು ಮಾಡಿ ಕಂಪನಿ ತೋಟಾ ತರಿಸಲು ಹೇಳುವುದು ಕೇಳಿಸಿತು. ಆಮೇಲೆ ಬಾಗಿಲಿಗೆ ಬಂದು, "ನಾಳೆಯಿಂದ ನೀನು ಬರಬೇಡ, ನಾನೇ ಹೇಳಿ ಕಳಿಸ್ತೀನಿ" ಎಂದರು.

ನಾನು ಚಾಪೆ ಹಾಸಿಕೊಂಡು ಕೂತು ಚಾಕುವಿನಿಂದ ತೋಟಾಗಳ ಬಾಯಿ ಬಿಚ್ಚಲು ಶುರು ಮಾಡಿದೆ. ತೂಗಿ ನೋಡಿದರೆ ಗೊತ್ತಾಗುವುದಿಲ್ಲ, ಚರೆಯ ತೂಕವೇ ಮದ್ದಿನ ಕೊರತೆಯನ್ನು ನುಂಗಿಹಾಕುತ್ತದೆ. ಒಂದೊಂದನ್ನೂ ಬಿಚ್ಚಲೇಬೇಕು. ಚರೆ ಒಂದು ಬೇಸಿನ್ನಿಗೆ, ಬಟ್ಟಲು ಇನ್ನೊಂದಕ್ಕೆ, ಮದ್ದು ಅಳತೆಯ ಚಮಚಕ್ಕೆ. ಅರ್ಧ ಗಂಟೆ ಅಣ್ಣ ನಿಂತೇ ಇದ್ದ. ಆಮೇಲೆ ಎಲೆ ಅಡಿಕೆ ಉಗಿದು ಬಂದು ಎದುರಿಗೆ ಕೂತ.

"ಕೊಡು ಇತ್ಲಾಗೆ ಒಂದ್ ಚಾಕ."

"ಅರ್ಜಿ ಹಾಕಿದ್ದೀಯಾ?"

"ಬುಡವ್ವ ಸಾಕು."

ಇಬ್ಬರೂ ಬಿಚ್ಚಿದೆವು. ಮೊದಲ ಮೂವತ್ತರಲ್ಲಿ ಎಲ್ಲ ಸರಿ ಇತ್ತು. ನಾನು ಸುಮ್ಮನೆ ಹಟ ಮಾಡಿದೆನಾ ಎಂಬ ಯೋಚನೆ ಬಂದಾಗಲೇ ಅಣ್ಣನ ಕೈಗೆ ಒಂದು ಸಿಕ್ಕಿತು. ಚಮಚದ ಅರ್ಧವೂ ತುಂಬಲಿಲ್ಲ. ಅವನು ಅದನ್ನು ಬೇರೆ ಇಟ್ಟ.

"ಅವತ್ತು ಕುಂಕುಮ ಒರೆಸ್ಬುಟ್ಟೆ ನೋಡು, ಅದ್ಕೇಯಾ."

"ಒರೆಸಿದ್ದಕ್ಕೆ ಮದ್ದು ಕಮ್ಮಿ ಬಿತ್ತಾ?"

"ನಗಬ್ಯಾಡ. ಒಳಗಿಂದೂ ಒರೆಸ್ದ್ಯಾ?"

"ಒಳಗಿಂದು ಅಂದ್ರೆ?"

"ತಟ್ಟೆ ಅಡೀಗೆ ಇಟ್ಟಿದ್ನಲ್ಲ, ಅದು."

ನನ್ನ ಚಾಕು ನಿಂತಿತು. ಅವನಿಗೆ ನನ್ನ ಮುಖ ಅರ್ಥವಾಗಲಿಲ್ಲ. ತಿಳಿಯದ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. ಅವರ ಮನೆಯಲ್ಲಿ ನೇಗಿಲಿಗೆ ಕುಂಕುಮ ಇಡುವುದು ಕೈ ಹಿಡಿಯುವ ಮೇಣಿಗಲ್ಲ, ಮಣ್ಣಿಗೆ ಹೋಗುವ ಗುಳದ ತುದಿಗೆ. ಕೋವಿಗೆ ಇಡುವುದು ಹಿಡಿಗಲ್ಲ, ಕೇಪು ಕೂರುವ ಜಾಗದ ಒಳಗೆ. ಅವರಪ್ಪನೂ ಹಾಗೇ, ಅವರ ತಾತನೂ ಹಾಗೇ.

"ಕೆಲ್ಸ ಮಾಡೋ ಜಾಗಕ್ಕೆ ಇಡ್ಬೇಕು ಕಣವ್ವ, ನೋಡೋ ಜಾಗಕ್ಕಲ್ಲ. ಮೇಲ್ ಮೇಲೆ ಇಡೋದು ಫೋಟೋಕ್ಕೆ. ನೀನೇ ಅಂದಿದ್ಯಲ್ಲ, ಈ ಮಿಷನ್‌ನಾಗೆ ಎಲ್ಲಾ ಕೆಲ್ಸ ಆ ಗೋಲಿದೇಯ ಅಂತ. ಬೋಲ್ಟು ಬಿಚ್ಚಿ, ತಟ್ಟೆ ಎತ್ತಿ ಒಂದ್ ಕುಳೀಗೆ ಇಟ್ಟೆ."

ಅವನು ಕೇಡು ಮಾಡಲು ಇಡಲಿಲ್ಲ. ನಾನು ಆ ಗೋಲಿಯ ಬಗ್ಗೆ ಹೇಳಿದ್ದನ್ನು ಇಡೀ ಮೈದಾನದಲ್ಲಿ ಕಿವಿಗೊಟ್ಟು ಕೇಳಿದವನು ಅವನೊಬ್ಬನೇ ಇರಬೇಕು. ಯಂತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಜಾಗ ಯಾವುದು ಎಂದು ತಿಳಿದುಕೊಂಡು, ಅದಕ್ಕೇ ಪೂಜೆ ಮಾಡಿದ.

"ನನಗೆ ಹೇಳ್ಬಾರದಿತ್ತಾ?"

"ಯೋಳ್ದೆ."

"ಯಾವಾಗ?"

"ಅವತ್ತೇಯ. ನೀನು ಒರೆಸ್ತಾ ಇದ್ದಾಗ. ಮೇಲೆ ಒರೆಸ್ಕೊ, ಒಳಗಿಂದು ಅಂಗೆ ಬುಡು ಅಂದೆ."

ನಾನು ಹಾಗೊಂದು ಮಾತು ಕೇಳಿಲ್ಲ. ಕೇಳಿಲ್ಲ ಎಂದು ಅವನ ಮುಖಕ್ಕೇ ಹೇಳಿದೆ. ಅಂದಿದ್ದೀನಿ ಎಂದು ಅವನು ತಾಯಾಣೆ ಇಟ್ಟ.

ಕತ್ತಲಾಗುವ ಮೊದಲೇ ಮುಗಿಯಿತು. ಮುನ್ನೂರ ಅರವತ್ತೆಂಟು ಬಿಚ್ಚಿದೆವು. ಮದ್ದು ಕಡಿಮೆ ಇದ್ದವು ಹನ್ನೊಂದು. ಒಂದರಲ್ಲಿ ಮದ್ದೇ ಇರಲಿಲ್ಲ, ಕೇಪಿನ ಮೇಲೆ ನೇರವಾಗಿ ಬಟ್ಟಲು ಕೂತಿತ್ತು. ಹನ್ನೆರಡನ್ನೂ ಸಾಲಾಗಿ ಬೆಂಚಿನ ಮೇಲಿಟ್ಟು ಸುಬೇದಾರರನ್ನು ಕರೆದೆ. ಅವರು ಬೆರಳಿನಿಂದ ಎಣಿಸಿ ಹೋದರು. ಪಂದ್ಯ ಮಾರನೇ ದಿನ ಕಂಪನಿ ತೋಟಾದಲ್ಲಿ ನಡೆಯಿತು. ನನಗೆ ಕರೆ ಇರಲಿಲ್ಲ. ಸೋಮವಾರ ಬೆಳಿಗ್ಗೆ, ಯಾರೂ ಹೇಳಿ ಕಳಿಸದಿದ್ದರೂ, ಚೀಲ ಹಿಡಿದು ಬಸ್ಸು ಹತ್ತಿದೆ. ಗೇಟಿನಲ್ಲಿ ಸುಬೇದಾರರು ಸಿಕ್ಕಿದರು.

"ಬರಬೇಡ ಅಂದಿದ್ದೆ."

"ಕೆಲಸಕ್ಕೆ ಬಂದಿಲ್ಲ ಸಾರ್. ತಟ್ಟೆ ಬಿಚ್ಚಿ ನೋಡಬೇಕು. ನೋಡಿ ಹೋಗ್ತೀನಿ."

ಬೇಡ ಎನ್ನಲಿಲ್ಲ. ಜೊತೆಗೇ ಒಳಗೆ ಬಂದರು, ಅಣ್ಣನೂ ಬಂದ. ನಡುವಿನ ಬೋಲ್ಟು ಬಿಚ್ಚಿ ತಟ್ಟೆ ಎತ್ತಿ ಮಗುಚಿ ಹಿಡಿದೆ. ಐದು ಕುಳಿ ಹೊಳೆಯುತ್ತಿದ್ದವು. ಆರನೆಯದರ ತಳದಲ್ಲಿ ಗಂಧ ಗಟ್ಟಿಯಾಗಿ ಅಂಟಿಕೊಂಡಿತ್ತು, ಮೇಲೆ ಕುಂಕುಮ. ಅದರ ಒಂದು ಬದಿ ಹಾಗೇ ಇತ್ತು. ಇನ್ನೊಂದು ಬದಿ ಹೊರಗಿನ ಅಂಚಿನ ಕಡೆಗೆ ಸವರಿದ ಹಾಗೆ ಎಳೆದುಕೊಂಡು ಹೋಗಿತ್ತು.

"ಸಿಕ್ತಲ್ಲ" ಎಂದರು ಸುಬೇದಾರರು. ಅವರ ಉಸಿರು ಸಡಿಲವಾದದ್ದು ನನಗೆ ಕೇಳಿಸಿತು. ಕಾರಣ ಸಿಕ್ಕಿತ್ತು. ಕಾರಣ ಒಂದು ಚಿಟಿಕೆ ಕುಂಕುಮ, ಯಾರನ್ನೂ ಕೆಲಸದಿಂದ ತೆಗೆಯಬೇಕಾಗಿಲ್ಲ. ಅವತ್ತು ಮಧ್ಯಾಹ್ನ ನಮಗೆಲ್ಲ ಕಾಫಿ ತರಿಸಿದರು.

ನಾನು ಇವತ್ತಿಗೂ ಅಲ್ಲೇ ಇದ್ದೇನೆ. ಅದೇ ಪ್ರೆಸ್ಸು, ಅದೇ ಬೆಂಚು. ಈಗ ಆಯುಧಪೂಜೆಯ ಹಿಂದಿನ ದಿನ ತಟ್ಟೆ ಬಿಚ್ಚಿ ನನ್ನ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗುತ್ತೇನೆ. "ದೇವ್ರ ಹೊಟ್ಟೆ ಕಿತ್ಕೊಂಡು ಹೋಯ್ತಾಳೆ" ಎಂದು ಅಣ್ಣ ಬಂದವರಿಗೆಲ್ಲ ಹೇಳುತ್ತಾನೆ. ಹೇಳಲಿ. ಮನೆಯಲ್ಲಿ ಆ ತಟ್ಟೆಗೆ ನಾನೇ ಕುಂಕುಮ ಇಡುತ್ತೇನೆ, ಮೇಲೆ, ಕಾಣುವ ಜಾಗಕ್ಕೆ. ನಾನೇ ಒರೆಸುತ್ತೇನೆ. ಕೇಳುವವರು ಬಂದು ಕೇಳಲಿ.

ಆದರೆ ಲೆಕ್ಕ ಕೂಡುವುದಿಲ್ಲ. ಆರು ಕುಳಿಯಲ್ಲಿ ಒಂದು ತುಂಬಿದ್ದರೆ ಆರಕ್ಕೊಂದು ತೋಟಾ ಕೆಡಬೇಕಿತ್ತು. ಅರವತ್ತರ ಮೇಲೆ ಸಿಗಬೇಕಿತ್ತು, ಸಿಕ್ಕಿದ್ದು ಹನ್ನೆರಡು, ಮೇಷ್ಟ್ರದು ಸೇರಿ ಹದಿಮೂರು. ಮದ್ದು ಒಂದೊಂದು ಸಲ ಅಂಚಿಗೆ ಬಡಿದೂ ಒಳಗೇ ಬಿದ್ದಿರಬಹುದು ಎಂದು ಸುಬೇದಾರರು ಹೇಳಿದರು. ಇರಬಹುದು. ನಾನು ಅಣ್ಣನ ಆ ಮಾತು ಕೇಳಿ ಸಿಟ್ಟಿನಲ್ಲಿ ಎರಡು ದಿನ ಹಿಡಿಯನ್ನು ಅರ್ಧಕ್ಕೆ ಬಿಟ್ಟು ಎಳೆದಿದ್ದರೂ ಹನ್ನೆರಡು ಕೆಡುತ್ತಿದ್ದವು. ಅದೂ ಇರಬಹುದು.

ಆ ಎಳೆದ ಗುರುತನ್ನು ನಾನು ಭೂತಗನ್ನಡಿ ಹಿಡಿದು ನೋಡಿದ್ದೇನೆ. ಗೋಲಿ ಉರುಳಿದರೆ ಹಾಗೇ ಆಗುತ್ತದೆ. ಬಟ್ಟೆ ಸುತ್ತಿದ ಬೆರಳು ಅಂಚಿನಿಂದ ತಟ್ಟೆಯ ಅಡಿಗೆ ಹೋಗಿ, ಒಂದು ಸಲ ಸವರಿ, ಯಾರದೋ ಮಾತಿಗೆ ಅಲ್ಲೇ ನಿಂತು ಹಿಂದಕ್ಕೆ ಬಂದರೂ ಹಾಗೇ ಆಗುತ್ತದೆ. ಅಣ್ಣ "ಸಾಲ್ದೇನವ್ವ" ಅಂದ ಮೇಲೂ ನಾನು ನಿಲ್ಲದೆ ಒರೆಸಿದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಿಂತೆನೋ ಇಲ್ಲವೋ, ನನಗೆ ಗೊತ್ತಿಲ್ಲ.